ಅಪ್ಪಣೆ ಬಿಟ್ಟು ಸಲಹೆಗೆ ಬಂದವಳು

ಇಪ್ಪತ್ತೇಳು ವರ್ಷ ಸೋಪು, ಟೂತ್‌ಪೇಸ್ಟು ಮಾರಿಸಿದವಳು ಅವಳು. ದೊಡ್ಡ ಕಂಪನಿಯೊಂದರ ಮಾರ್ಕೆಟಿಂಗ್ ಮುಖ್ಯಸ್ಥೆ. ಹುಬ್ಬೇರಿಸಿದರೆ ಸಾಕು, ಜಾಹೀರಾತಿನವರು ಮರುದಿನವೇ ಹೊಸ ಚಿತ್ರ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಐವತ್ತಮೂರಕ್ಕೆ ಅವಳಾಗಿಯೇ ರಾಜೀನಾಮೆ ಕೊಟ್ಟಳು. ಯಾರೂ ಹೊರಗೆ ಹಾಕಿರಲಿಲ್ಲ. ಕೆಲಸ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಸಲೀಸಾಗಿಬಿಟ್ಟಿತ್ತು, ಅದೇ ಅವಳಿಗೆ ಸರಿಬರಲಿಲ್ಲ.

ಮೂರು ತಿಂಗಳಾದ ಮೇಲೆ ಒಬ್ಬ ಅಕ್ಕ, ತಮ್ಮ ಅವಳನ್ನು ಹುಡುಕಿಕೊಂಡು ಮನೆಗೆ ಬಂದರು. ಅಕ್ಕ ರಸಾಯನಶಾಸ್ತ್ರ ಓದಿದವಳು, ತಮ್ಮ ಅಂಗಡಿಗಳಿಗೆ ಸರಕು ಮುಟ್ಟಿಸುವವನು. ಇಬ್ಬರೂ ಸೇರಿ ಗಟ್ಟಿ ಶಾಂಪೂ ಬಿಲ್ಲೆ ಮಾಡುತ್ತಿದ್ದರು. ನೆಂಟರಿಷ್ಟರು ಕೊಳ್ಳುವಷ್ಟು ದಿನ ಚೆನ್ನಾಗಿಯೇ ನಡೆಯಿತು. ಅಂಗಡಿಗೆ ಇಳಿದ ಮೇಲೆ ಮಾರಾಟ ಕುಂಟತೊಡಗಿತು. ತಿಂಗಳಿಗೆ ಎರಡು ದಿನ ಬಂದು ದಾರಿ ತೋರಿಸಿದರೆ ಕಂಪನಿಯಲ್ಲಿ ಸಣ್ಣ ಪಾಲು ಕೊಡುತ್ತೇವೆ ಎಂದರು. ಅವಳು ಒಪ್ಪಿದಳು.

ಅವರ ಕಾರ್ಖಾನೆಯೆಂದರೆ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಒಳಗೆ ಕಾಲಿಟ್ಟರೆ ಸುಗಂಧಕ್ಕೆ ಸೀನು ಬರುತ್ತಿತ್ತು. ಮೊದಲ ದಿನ ಅವಳು ಹಳೇ ಚಾಳಿಯನ್ನೇ ನಡೆಸಿದಳು. ಮಧ್ಯಾಹ್ನದೊಳಗೆ ಚಿತ್ರ ಬರೆಯುವ ಹುಡುಗಿಗೆ ಡಬ್ಬಿಯನ್ನೇ ಬದಲಿಸೆಂದು ಹೇಳಿದಳು, ಮುದ್ರಕನಿಗೆ ಫೋನ್ ಮಾಡಿ ಹಳೇ ಡಬ್ಬಿಯ ಮುದ್ರಣ ನಿಲ್ಲಿಸಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಮರುದಿನ ಅಕ್ಕ ಮನೆಗೇ ಬಂದಳು. "ಬೇಜಾರು ಮಾಡ್ಕೋಬೇಡಿ ಮೇಡಂ. ನಾವು ಕರೆದಿದ್ದು ಸಲಹೆಗೆ. ಯಜಮಾನರು ಆಗ್ಲೇ ಇಬ್ಬರಿದ್ದೀವಿ. ಮೂರನೆಯವರು ಬಂದ್ರೆ ಕೆಲಸದವರು ಯಾರ ಮಾತು ಕೇಳ್ಬೇಕು?"

ಮಾತು ನಾಟಿತು. ಗಣಿತದ ಮೇಷ್ಟ್ರಾಗಿದ್ದ ಗಂಡನ ಮುಂದೆ ಹೇಳಿಕೊಂಡರೆ ಆತ ನಕ್ಕುಬಿಟ್ಟ. "ಮೂವತ್ತು ವರ್ಷದಿಂದ ಈ ಮನೇಲಿ ನಾನು ಸಲಹೆಗಾರನೇ ತಾನೆ? ಕೇಳಿದ್ರೆ ಹೇಳ್ತೀನಿ, ಕೇಳದಿದ್ರೆ ಸುಮ್ನಿರ್ತೀನಿ. ಬೇಕಾದ್ರೆ ನನ್ನ ಹತ್ರ ಟ್ಯೂಷನ್‌ಗೆ ಬಾ."

ಅವಳೂ ನಕ್ಕಳು. ಆಮೇಲೆ ಕೂತು ಒಂದು ಪುಟ ಬರೆದಳು. ಕೆಲಸದವರಿಗೆ ತಾನು ಏನೂ ಹೇಳುವುದಿಲ್ಲ, ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಅಭಿಪ್ರಾಯವನ್ನು ಅಕ್ಕ, ತಮ್ಮನಿಗೆ ಮಾತ್ರ, ಮುಚ್ಚುಮರೆಯಿಲ್ಲದೆ ಹೇಳುವುದು, ತೀರ್ಮಾನ ಅವರದು. ಕೂದಲಿನ ಸರಕು ಮಾಡುವ ಬೇರೆ ಯಾರಿಗೂ ಸಲಹೆ ಕೊಡುವುದಿಲ್ಲ. ಅಕ್ಕ ಎರಡು ಸಲ ಓದಿ ಒಪ್ಪಿದಳು.

ಮುಂದಿನ ತಿಂಗಳು ತಮ್ಮನಿಗೆ ರಸ್ತೆಬದಿಯಲ್ಲೆಲ್ಲ ದೊಡ್ಡ ಜಾಹೀರಾತು ಫಲಕ ಹಾಕುವ ಹುಮ್ಮಸ್ಸು. ಬೇಡ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡಳು. ಅದಕ್ಕೆ ಮೊದಲು ಒಂದು ಶನಿವಾರ ಇಬ್ಬರೂ ತನ್ನ ಜೊತೆ ಅಂಗಡಿಗೆ ಬಂದು, ಬಾಯಿ ಬಿಡದೆ ನಿಂತು ನೋಡಬೇಕು ಎಂದಳು.

ಮೂವರೂ ಹಲ್ಲುಜ್ಜುವ ಬ್ರಷ್ ಆರಿಸುವವರ ಹಾಗೆ ನಟಿಸುತ್ತ ಮೂರು ಗಂಟೆ ನಿಂತರು. ಬಿಲ್ಲೆಯ ಡಬ್ಬಿ ಮೈಸೋಪುಗಳ ಸಾಲಿನಲ್ಲಿತ್ತು. ತುಂಬ ಜನ ಎತ್ತಿ ನೋಡಿದರು, ಕೊಂಡವರು ಇಬ್ಬರೇ. ಒಬ್ಬ ಅಜ್ಜಿ ಮೂಸಿ ನೋಡಿ ಮೊಮ್ಮಗಳಿಗೆ, "ಹಿಮ್ಮಡಿ ಉಜ್ಜೋ ಕಲ್ಲಿರ್ಬೇಕು ಕಣೆ," ಎಂದು ತಿರುಗಿ ಇಟ್ಟಳು. ಅಕ್ಕನ ಮುಖ ಕೆಂಪಾಯಿತು.

ಹೊರಗೆ ಬಂದು ಅಕ್ಕ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎದುರಿಗೆ ಎಲೆಯ ಚಿತ್ರ, ಕವಿತೆಯಂಥ ಒಂದು ಸಾಲು. ತಲೆಗೆ ಹಾಕುವುದೆಂಬ ಮಾತು ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

"ಇದನ್ನ ನೀವು ಮೊದಲ ದಿನವೇ ಹೇಳಿದ್ರಿ ಅಲ್ವಾ ಮೇಡಂ?"

"ಹೇಳಿರ್ಲಿಲ್ಲ. ಅಪ್ಪಣೆ ಮಾಡಿದ್ದೆ."

ಫಲಕದ ಯೋಚನೆಯನ್ನು ತಮ್ಮನೇ ಕೈಬಿಟ್ಟ; ಬಿಲ್ಲೆಗಳನ್ನು ಶಾಂಪೂ ಸಾಲಿಗೆ ಸರಿಸುವಂತೆ ಅಂಗಡಿಯವರನ್ನು ಒಪ್ಪಿಸಿದ. ಹೊಸ ಡಬ್ಬಿಯ ಮೇಲೆ ‘ಕೂದಲಿಗೆ’ ಎಂಬ ಪದ ಹೆಬ್ಬೆರಳಿನಷ್ಟು ದಪ್ಪಗೆ ಬಂತು. ಜೊತೆಗೆ ತಲೆ ತುಂಬ ನೊರೆ ಹೊತ್ತ ಮಗುವಿನ ಚಿತ್ರವಿರಲೆಂದು ಅಕ್ಕ ಹಟ ಹಿಡಿದಳು. ಅದು ತನಗೆ ಹಿಡಿಸಲಿಲ್ಲವೆಂದು ಮೇಡಂ ನೇರವಾಗಿಯೇ ಹೇಳಿದಳು. ಆದರೂ ಅಕ್ಕ, ತಮ್ಮ ಅದನ್ನು ಉಳಿಸಿಕೊಂಡರು. ಗಿರಾಕಿಗಳು ‘ನೊರೆಪಾಪು ಕೊಡಿ’ ಎಂದು ಕೇಳಿ ಕೊಳ್ಳತೊಡಗಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಸುದ್ದಿ ಹಬ್ಬಿತು. ಮಕ್ಕಳ ಬಟ್ಟೆಯವರು, ಬಿಸ್ಕತ್ತಿನವರು ಕರೆದರು; ಹೋದಳು. ತಲೆಗೆಣ್ಣೆಯವರೂ ಕರೆದರು, ಕೊಟ್ಟ ಮಾತು ನೆನೆದು ಒಲ್ಲೆನೆಂದಳು. ನಿವೃತ್ತನಾದ ಹಳೇ ಸಹೋದ್ಯೋಗಿಯೊಬ್ಬ ಇಂಥ ಕೆಲಸ ಹಿಡಿಯುವುದು ಹೇಗೆಂದು ಕೇಳಿದ. ಕರೆದವರ ವಸ್ತುವನ್ನು ಮೊದಲು ಒಂದು ತಿಂಗಳು ಮನೆಯಲ್ಲಿ ಬಳಸು, ಆಮೇಲೂ ಇಷ್ಟವಾದರೆ ಮಾತ್ರ ಹೋಗು ಎಂದಳು. ಮಾತು ಮುಗಿಸಿ, ಬಿಸ್ಕತ್ತಿನವರ ಸಭೆಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿ ಹೊರಟಳು.