‘ಹೊಟ್ಟೆ ಯಾರ್ದು?’ ಎಂದ ಆಶಾ ಅಕ್ಕ

ಮಕ್ಕಳ ಜನನ ಪತ್ರ ಹುಡುಕುವಾಗ ಟ್ರಂಕಿನ ತಳದಲ್ಲಿ ನನ್ನ ಬಸಿರಿನ ಕಾಲದ ಹಳೆಯ ತಾಯಿ ಕಾರ್ಡ್ ಸಿಕ್ಕಿತು. ಒಳಗೆ ಕೆಂಪು ಪೆನ್ನಿನಲ್ಲಿ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದಿತ್ತು: ‘ಅವಳಿ. ಮೊದಲ ಮಗು ಅಡ್ಡ ಮಲಗಿದೆ.’ ನಮ್ಮೂರಿನ ಆಶಾ ಕಾರ್ಯಕರ್ತೆಯ ಅಕ್ಷರ. ಊರಿಗೆಲ್ಲ ಅವರು ಆಶಾ ಅಕ್ಕ.

ಹಾನುಬಾಳಿನಿಂದ ಆಚೆ ಗುಡ್ಡದ ಮೇಲಿರುವ ನಮ್ಮ ಮನೆಯವರೆಗೆ ಆಗ ಜೀಪು ಬರುತ್ತಿರಲಿಲ್ಲ. ಆ ಏರನ್ನು ಅಕ್ಕ ವಾರವಾರವೂ ಹತ್ತಿ ಬರುತ್ತಿದ್ದರು. ಆಪರೇಷನ್ನೇ ಆಗಬೇಕು ಎಂದು ಡಾಕ್ಟರು ಹೇಳಿದ್ದನ್ನು ಅತ್ತೆಗೆ ಎಷ್ಟು ಸಲ ಬಿಡಿಸಿ ಹೇಳಿದರೋ...

“ನಮ್ಮನೇಲಿ ಯಾರ್ ಹೊಟ್ಟೇನೂ ಕುಯ್ಸಿಲ್ಲ ಕಣಮ್ಮ. ಎಲ್ಲಾ ಇಲ್ಲೇ ಹೆತ್ತವ್ರೆ” ಎಂದು ಅತ್ತೆ ಮುಖ ತಿರುಗಿಸುತ್ತಿದ್ದರು. ಗಂಡ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು.

ಆಪರೇಷನ್ನಿಗೆ ಡಾಕ್ಟರು ಗೊತ್ತುಮಾಡಿದ್ದ ದಿನ, “ಅಮಾವಾಸ್ಯೆ ಕಳೀಲಿ” ಎಂದು ಅತ್ತೆ ತಡೆದರು. ಮಾರನೆಯ ಬೆಳಿಗ್ಗೆಯೇ ನನ್ನ ನೀರುಚೀಲ ಒಡೆಯಿತು. ಅತ್ತೆ ಸೂಲಗಿತ್ತಿಗೆ ಹೇಳಿಕಳಿಸಿದರು. ನಾನು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಓಡಿ ಬಂದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ತಾವು ಹಿಡಿದು, ಇನ್ನೊಂದು ಕಡೆ ಗಂಡನ ಕೈಲಿ ಹಿಡಿಸಿ, ರಸ್ತೆಗೆ ಇಳಿಸಿ ಜೀಪು ಹತ್ತಿಸಿದರು.

ಆಸ್ಪತ್ರೆಯಲ್ಲಿ ನರ್ಸ್ ಒಪ್ಪಿಗೆ ಪತ್ರ ತಂದಾಗ ಗಂಡ, “ಅವ್ವನ್ನ ಒಂದ್ ಮಾತು ಕೇಳ್ಬುಡ್ತೀನಿ” ಎಂದು ಫೋನ್ ಹಿಡಿದು ಹೊರಗೆ ಹೋದರು. ಅಕ್ಕ ಪತ್ರವನ್ನು ನನ್ನ ಮುಂದಿಟ್ಟರು.

“ಹೊಟ್ಟೆ ಯಾರ್ದು? ನಿಂದು ತಾನೆ? ನೀನೇ ಸೈನ್ ಹಾಕು.”

ಹಾಕಿದೆ. ಸ್ವಲ್ಪ ಹೊತ್ತಿಗೆ ಒಂದರ ಹಿಂದೊಂದು ಎರಡು ಅಳು ಕೇಳಿಸಿದವು. ಇಬ್ಬರೂ ಹೆಣ್ಣುಮಕ್ಕಳು.

ಊರಿಗೆ ಬಂದ ಮೇಲೆ ಅಕ್ಕ ಮಕ್ಕಳ ತೂಕ ನೋಡಲು ಬಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಆಸ್ಪತ್ರೆಯೋರ್ ಹತ್ರ ಕಮಿಷನ್ ತಿಂದು ನಮ್ ಸೊಸೆ ಹೊಟ್ಟೆ ಕುಯ್ಸ್‌ಬುಟ್ಟೆ. ಒಳಕ್ಕೆ ಬರ್ಬ್ಯಾಡ!” ಅಕ್ಕ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಹಾಲೂಡಿಸುತ್ತಾ ಕೂತೆ. “ಹಾಲು ಸಾಕಾಗ್ತೈತಾ?” ಎಂದಷ್ಟೇ ಕೇಳಿ ಇಳಿದು ಹೋದರು. ಅತ್ತೆಯ ಮಾತು ಊರೆಲ್ಲ ಹಬ್ಬಿತು. ಬೇರೆ ಮನೆಗಳವರೂ ಅವರನ್ನು ಹೊಸಿಲಾಚೆಯೇ ನಿಲ್ಲಿಸತೊಡಗಿದರು.

ಹೋದ ವರ್ಷ ಎದೆನೋವಿನಿಂದ ಅಕ್ಕ ತೀರಿಕೊಂಡರು. ಹೆಣದ ಮುಂದೆ ಅತ್ತೆ ಕಣ್ಣೊರೆಸಿಕೊಂಡು, “ದೇವ್ರಂಥೋಳು, ನಮ್ ಮೊಮ್ಮಕ್ಳನ್ನ ಉಳಿಸ್ಕೊಟ್ಲು” ಎಂದರು. ನನ್ನ ಮೈ ಉರಿದುಹೋಯಿತು.

“ಕಮಿಷನ್ ತಿಂದ್ಲು ಅಂದೋರು ನೀವೇ ಅಲ್ವಾ ಅತ್ತೆ?”

ಎಲ್ಲರೂ ನನ್ನನ್ನೇ ನೋಡಿದರು. ಕೇಳಿಸಿಕೊಳ್ಳಬೇಕಾದವರು ಮಾತ್ರ ಚಟ್ಟದ ಮೇಲಿದ್ದರು.

ಅತ್ತೆಯ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅದಕ್ಕಿಂತ ಹೆಚ್ಚಿನದು ನನ್ನ ಮೇಲೆಯೇ ಇದೆ. “ಒಳಗೆ ಬನ್ನಿ ಅಕ್ಕ” ಎನ್ನಲು ಅವತ್ತು ನನ್ನ ಬಾಯಿಗೆ ಏನಾಗಿತ್ತು?