ನೀರಿಗಿಳಿಯುವ ಮುನ್ನ ಬಿಚ್ಚಿಟ್ಟ ಬೆಲ್ಟು

ಹೂಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ವರ್ಷಗಟ್ಟಲೆ ರಕ್ತಪರೀಕ್ಷೆ ಮಾಡಿದವರು ಅನಸೂಯಮ್ಮ. ಯಾರೇನು ಹೇಳಿದರೂ ಇನ್ನೊಮ್ಮೆ ಪರೀಕ್ಷಿಸದೆ ಒಪ್ಪುವ ಜಾಯಮಾನ ಅವರದಲ್ಲ. ಗಂಡ ತೀರಿಕೊಂಡ ಮೇಲೆ ಅಲ್ಲಿನ ಮನೆ ಮಾರಿ ಫ್ಲವರ್ ಮೌಂಡ್ ಎಂಬ ಊರಿಗೆ, ಮಗ ಸಮರ್ಥನ ಮನೆಗೆ ಬಂದರು. ಕಾರನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಯುಗಾದಿ ಕಾರ್ಯಕ್ರಮದಲ್ಲಿ ಶ್ರೀಜಾ ಎಂಬ ಹುಡುಗಿ ಮೈಕ್ ಹಿಡಿದು, ವಯಸ್ಸಾದವರು ದಿನಕ್ಕೆಷ್ಟು ಓಡಾಡುತ್ತಾರೆಂದು ಯೂನಿವರ್ಸಿಟಿಯಲ್ಲಿ ಅಧ್ಯಯನ ಮಾಡುತ್ತಿದ್ದೇವೆ, ಒಂದು ವಾರ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡರೆ ಸಾಕು ಎಂದಳು. "ನಮ್ಮಮ್ಮ ಮಾಡ್ತಾರೆ!" ಎಂದು ಸಮರ್ಥ್ ಕೂಗಿಯೇಬಿಟ್ಟ. ನಾಲ್ಕು ಜನರೆದುರು ಮಗನ ಮಾತು ತೆಗೆದುಹಾಕಲಾಗದೆ ಅನಸೂಯಮ್ಮ ಸಹಿ ಮಾಡಿದರು.

ಇವನಿಗೇಕೆ ಇಷ್ಟು ಅವಸರ?

ಹೋದ ತಿಂಗಳು ಗ್ಯಾರೇಜಿನ ಬಾಗಿಲಿಗೆ ಅವರು ಓಡಿಸುತ್ತಿದ್ದ ಕಾರು ಉಜ್ಜಿತ್ತು. ಆವತ್ತಿನಿಂದ ಅವರು ಅಡುಗೆಮನೆಗೆ ಕಾಲಿಟ್ಟರೆ ಮಗ, ಸೊಸೆ ತೃಪ್ತಿ ಇಬ್ಬರ ಮಾತೂ ನಿಂತುಹೋಗುತ್ತಿತ್ತು. ಆಸ್ಟಿನ್‌ನ ಗೆಳತಿ ನಳಿನಿ ಫೋನಿನಲ್ಲಿ ಎಣ್ಣೆ ಸುರಿದಳು: "ಹುಷಾರು ಕಣೇ. ಇಲ್ಲೊಬ್ಬರಿಗೆ ಹೀಗೇ ಕೈಗೆ ವಾಚು ಕಟ್ಟಿದ್ರು. ಓಡಾಟ ಸಾಲದು ಅಂತ ರಿಪೋರ್ಟ್ ಬಂತು. ಮಕ್ಕಳು ಕಾರಿನ ಕೀ ಕಿತ್ಕೊಂಡು ವೃದ್ಧಾಶ್ರಮಕ್ಕೆ ಸೇರಿಸಿದ್ರು."

ಬೆಲ್ಟು ತಂದುಕೊಟ್ಟ ಶ್ರೀಜಾಳನ್ನು ಅನಸೂಯಮ್ಮ ಬಾಗಿಲಲ್ಲೇ ತಡೆದರು. "ನಾನು ಎಲ್ಲಿಗೆ ಹೋಗ್ತೀನಿ ಅಂತ ಇದು ಹೇಳತ್ತಾ?"

"ಇಲ್ಲ ಆಂಟಿ, ಎಷ್ಟು ಅಲ್ಲಾಡ್ತೀರ ಅನ್ನೋದಷ್ಟೇ ನಮಗೆ ಬರತ್ತೆ. ಸ್ನಾನ ಮಾಡೋವಾಗ, ನೀರಿಗೆ ಇಳಿಯೋವಾಗ ಬಿಚ್ಚಿಡಿ."

ನೀರು ಎಂದಾಗ ಈ ಹುಡುಗಿ ತನ್ನ ಮುಖ ನೋಡಿದಳೇ? ಅನಸೂಯಮ್ಮನಿಗೆ ಅನುಮಾನ ಬಂತು. ಮಗ ಸೊಸೆ ಆಫೀಸಿಗೆ ಹೋದ ಮೇಲೆ ಅವರು ದಿನಾ ಊರಿನ ಈಜುಕೊಳಕ್ಕೆ ಹೋಗಿ ಈಜು ಕಲಿಯುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಮೊಣಕಾಲು ಕಾಣುವ ಕರಿ ಉಡುಗೆ ತೊಟ್ಟು ನೀರಿಗೆ ಬೀಳುವುದೆಂದರೆ ದೇವಸ್ಥಾನದಲ್ಲಿ ಸಿಗುವವರು ಏನೆಂದಾರು! ತಿಳಿದಿದ್ದರೆ ಸಮರ್ಥನಂತೂ ಬೇಡವೆಂದೇ ಹೇಳುತ್ತಿದ್ದ. ದಾರಿಯ ಗುಟ್ಟೂ ರಟ್ಟಾಗಬಾರದೆಂದು ಅವರು ಮನೆಯಲ್ಲೇ ಬೆಲ್ಟು ಬಿಚ್ಚಿ, ದಿಂಬಿನಡಿ ಸೇರಿಸಿ ಹೊರಡುತ್ತಿದ್ದರು.

ವಾರದ ನಡುವೆ ಒಂದು ಸಂಜೆ ಸಮರ್ಥ್ ಬೇಗ ಬಂದ. ಮುಖ ಬಿಗಿದಿತ್ತು.

"ಅಮ್ಮ, ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ?"

"ಇರ್ವಿಂಗ್ ದೇವಸ್ಥಾನಕ್ಕೆ."

"ಇಲ್ಲ. ನಾನು ಅಲ್ಲಿಗೂ ಹೋಗಿದ್ದೆ. ಫಾರ್ಮಲ್ಲಿ ನನ್ನ ನಂಬರ್ ಇತ್ತಲ್ಲ, ಬೆಳಿಗ್ಗೆ ಶ್ರೀಜಾ ಫೋನ್ ಮಾಡಿದ್ರು. ದಿನಾ ಬೆಳಿಗ್ಗೆ ಬೆಲ್ಟು ಅಲ್ಲಾಡ್ತಾನೇ ಇಲ್ಲವಂತೆ. ನೀನು ಬಿದ್ದುಗಿದ್ದು ಬಿಟ್ಟಿದ್ದೀಯೇನೋ ಅಂತ ನಾನು ಓಡಿ ಬಂದೆ. ಮನೇಲಿ ಯಾರೂ ಇಲ್ಲ!"

ಅನಸೂಯಮ್ಮನಿಗೆ ಮಗನ ಗಾಬರಿ ಕಾಣಲೇ ಇಲ್ಲ, ಫೋನ್ ಎಂಬುದೊಂದೇ ಕಿವಿಗೆ ಬಿತ್ತು. "ನೋಡಿದ್ಯಾ! ನನ್ನ ಸೊಂಟಕ್ಕೆ ಕಟ್ಟಿದ್ದರ ಸುದ್ದಿ ನಿನಗೆ ಬರತ್ತೆ. ನನ್ನ ಕಾಯೋಕೆ ತಾನೇ ಇದನ್ನ ಕಟ್ಟಿಸಿದ್ದು?" ಎಂದವರೇ ಎದ್ದು ಕೋಣೆ ಸೇರಿದರು. ಊಟಕ್ಕೂ ಬರಲಿಲ್ಲ.

ಮರುದಿನ ಈಜುಕೊಳಕ್ಕೆ ಹೊರಟಾಗ ಕಾರಿನ ಕನ್ನಡಿಯಲ್ಲಿ ಮಗನ ಬಿಳಿ ಕಾರು ಕಂಡಿತು. ಅವರು ತಿರುಗಿಸಿದಲ್ಲೆಲ್ಲ ಅದೂ ತಿರುಗಿತು. ವಾಪಸು ಹೋಗಲೇ ಎಂದುಕೊಂಡರು. ಹೋದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ. ಬರಲಿ, ನೋಡಲಿ.

ಅಂದೇ ಮೊದಲ ಸಲ ಆಳದ ನೀರು. ಈಜು ಕಲಿಸುವ ಡೊಲೊರೆಸ್ ಪಕ್ಕದಲ್ಲೇ ಇದ್ದಳು. ಗಾಜಿನಾಚೆ ಸಮರ್ಥ್ ಆಫೀಸಿನ ಬ್ಯಾಡ್ಜ್ ಸಮೇತ ಬಾಯಿ ತೆರೆದು ನಿಂತಿದ್ದ. ಅನಸೂಯಮ್ಮ ಕೊಳದ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಈಗ ಹೆದರಿ ದಡ ಹತ್ತಿದರೆ ಕಾರಿನ ಕೀ ಹೋದಂತೆಯೇ. ಗೋಡೆಯಿಂದ ಕೈ ಬಿಟ್ಟರು. ಒಮ್ಮೆ ಮುಳುಗಿ ನೀರು ಕುಡಿದರು, ಕೆಮ್ಮಿದರು, ಮತ್ತೆ ಕೈ ಬೀಸಿದರು. ಆಚೆ ದಡದ ಅಂಚು ಬೆರಳಿಗೆ ತಾಗಿದಾಗ ನಗು ತಾನಾಗಿ ಬಂತು.

ಹೊರಗೆ ಸಮರ್ಥ್ ಕಣ್ಣು ಒರೆಸಿಕೊಳ್ಳುತ್ತಿದ್ದ. "ಚಿಕ್ಕವನಿದ್ದಾಗ ನನ್ನನ್ನ ನೀರಿಗೆ ಬಿಟ್ಟು ನೀನು ಟವೆಲ್ ಹಿಡ್ಕೊಂಡು ಕೂತಿರ್ತಿದ್ದೆ. ನಿನಗೂ ಕಲೀಬೇಕು ಅಂತ ಇತ್ತು ಅಂತ ಗೊತ್ತೇ ಇರ್ಲಿಲ್ಲ."

"ಅದಿರಲಿ. ನನ್ನ ಕೀ ತೆಗೆದುಕೊಳ್ಳೋ ಮಾತಾಡಿದ್ರೋ ಇಲ್ವೋ?"

ಅವನು ತಲೆ ತಗ್ಗಿಸಿದ. "ಆಡಿದ್ವಿ. ಗ್ಯಾರೇಜ್ ನೋಡಿ ಭಯ ಆಯ್ತು. ಆದರೆ ಬೆಲ್ಟಿಗೂ ಅದಕ್ಕೂ ಸಂಬಂಧ ಇಲ್ಲ, ನಿಜವಾಗ್ಲೂ."

ಅರ್ಧ ನಿಜ ಸಿಕ್ಕಿತು, ಇನ್ನರ್ಧ ಪರೀಕ್ಷೆಯಾಗಲಿ ಎಂದುಕೊಂಡು ಅನಸೂಯಮ್ಮ ತಾವೇ ಡ್ರೈವ್ ಮಾಡಿಕೊಂಡು ಮನೆಗೆ ಬಂದರು. ಶ್ರೀಜಾಗೆ ಫೋನ್ ಮಾಡಿ ಈಜಿನ ವಿಷಯ ಹೇಳಿದರು. ನೀರಿನಲ್ಲಿ ಕಳೆದ ಹೊತ್ತನ್ನೂ ಸೇರಿಸಿಕೊಳ್ಳಬೇಕು, ಅದನ್ನು ನೀವೇ ಬರೆದಿಡಿ, ಉಳಿದ ಹೊತ್ತು ಇನ್ನೊಂದು ವಾರ ಬೆಲ್ಟು ಕಟ್ಟಿಕೊಳ್ಳಿ ಎಂದು ಅವಳು ಬೇಡಿಕೊಂಡಳು. "ಆಗಲಿ. ಏನಿದ್ದರೂ ಇನ್ಮೇಲೆ ನನಗೇ ಹೇಳಬೇಕು" ಎಂದು ಮಾತು ತೆಗೆದುಕೊಂಡೇ ಒಪ್ಪಿದರು.

ಶನಿವಾರ ಹೊರಡುವಾಗ ತೃಪ್ತಿ ಹಿಂದೆಯೇ ಬಂದಳು. "ಅತ್ತೆ, ನನಗೂ ಈಜು ಬರಲ್ಲ. ನಾನೂ ಬರ್ಲಾ?"

ಅನಸೂಯಮ್ಮ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಯಾರು ಹೇಳಿಕಳಿಸಿದ್ರು?"

"ಯಾರೂ ಇಲ್ಲ ಅತ್ತೆ."

ಅನಸೂಯಮ್ಮ ಕಾರಿನ ಬಾಗಿಲು ತೆಗೆದು, ಪಕ್ಕದ ಸೀಟಿನ ಮೇಲಿದ್ದ ಟವೆಲನ್ನು ಹಿಂದಕ್ಕೆ ಹಾಕಿ ಜಾಗ ಮಾಡಿಕೊಟ್ಟರು.