ಕೊಟೊನ್‌ಗೊಂದು ಕೊರಳಪಟ್ಟಿ

ಎಲ್ಮೀರ್ ಫ್ರುಜೆ ಆ ಬಿಳಿ ನಾಯಿಮರಿಯನ್ನು ಮನೆಗೆ ತಂದಾಗ ಅವಳ ಗಂಡ ಕ್ಲೋವಿಸ್ ಒಲೆಯ ಮುಂದೆ ನಿಂತು ಸೀಗಡಿ ಸಾರಿಗೆ ಹಿಟ್ಟು ಹುರಿಯುತ್ತಿದ್ದ. ಅವಳ ಕೋಟಿನೊಳಗಿಂದ ನೀಲಿ ಕಣ್ಣಿನ ಮೂತಿಯೊಂದು ಇಣುಕಿದ್ದನ್ನು ಕಂಡು ಗಾಬರಿಯಾಗಿ, ಕೈಲಿದ್ದ ಕಬ್ಬಿಣದ ಮುಚ್ಚಳವನ್ನು ನೆಲಕ್ಕೆ ಬೀಳಿಸಿದ. ಕಿಟಕಿ ಗಾಜು ನಡುಗಿತು. ಮರಿ ಮಾತ್ರ ಕಿವಿಯನ್ನೂ ಅಲುಗಿಸದೆ ಆಕಳಿಸಿತು.

"ಇದಕ್ಕೆ ಕಿವೀನೇ ಕೇಳ್ಸಲ್ವಲ್ಲೇ!"

"ಗೊತ್ತು. ವಿಲ್ಫ್ರೆಡ್ ಇದನ್ನ ಕಾಲುವೆಗೆ ಹಾಕ್ತೀನಿ ಅಂತಿದ್ದ. ಕಿತ್ಕೊಂಡು ಬಂದೆ."

"ಮಾತು ಕೇಳದೇ ಇರೋರು ಈ ಮನೇಲಿ ನೀನೊಬ್ಳು ಇದ್ದೆ, ಸಾಲ್ದಾಗಿತ್ತಾ?" ಎಂದು ಕ್ಲೋವಿಸ್ ಬಗ್ಗಿ ಮುಚ್ಚಳ ಎತ್ತಿಕೊಂಡ. ಅಷ್ಟರಲ್ಲಿ ಹಿಟ್ಟು ಸೀದುಹೋಗಿತ್ತು.

ಲೂಯಿಸಿಯಾನಾದ ದಕ್ಷಿಣದ ಅಂಚಿನಲ್ಲಿ, ನೆಲ ಮುಗಿದು ಸಮುದ್ರ ಶುರುವಾಗುವುದು ಎಲ್ಲಿ ಎಂದು ಯಾರೂ ಖಚಿತವಾಗಿ ಹೇಳಲಾರದ ಜೌಗಿನಲ್ಲಿ ಎಲ್ಮೀರ್ ದನ ಕಾಯುತ್ತಿದ್ದಳು. ಅಪ್ಪನ ಕಾಲದ ದನಗಳು, ಅಪ್ಪನ ಕಾಲದ ಜಾಗ. ಅರವತ್ತು ದಾಟಿದ್ದರೂ ಕುದುರೆ ಹತ್ತಲು ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಕ್ಲೋವಿಸ್‌ಗೆ ದನ ಎಂದರೆ ಪಾತ್ರೆಗೆ ಬಂದ ಮೇಲಷ್ಟೇ ಪ್ರೀತಿ.

ಮರಿಗೆ ಹತ್ತಿಯಂಥ ಮೈ. ಅದಕ್ಕೆ ಅವರ ಮನೆಮಾತಿನ ಫ್ರೆಂಚಿನಲ್ಲಿ ಕೊಟೊನ್ ಎಂದೇ ಹೆಸರಿಟ್ಟಳು. "ಕರೆದ್ರೆ ಕೇಳ್ಸೋದೇ ಇಲ್ಲ, ಹೆಸರ್ಯಾಕೆ?" ಎಂದ ಕ್ಲೋವಿಸ್. "ಬೈಯೋಕೆ ನನಗೆ ಬೇಕಲ್ಲ," ಎಂದಳು ಎಲ್ಮೀರ್.

ಕೈಸನ್ನೆಯಲ್ಲೇ ಪಾಠ ಶುರುವಾಯಿತು. ಅಂಗೈ ತೋರಿಸಿದರೆ ಕೂರಬೇಕು, ತೋಳು ಚಾಚಿದ ಕಡೆಗೆ ಓಡಬೇಕು. ಕೊಟೊನ್ ಎಲ್ಲವನ್ನೂ ಗಬಗಬ ಕಲಿತ. ತೊಂದರೆ ಒಂದೇ. ಅವನು ಬೆನ್ನು ತಿರುಗಿಸಿದರೆ ಕೈಸನ್ನೆ ಗಾಳಿಗೆ. ಒಂದು ಬೆಳಿಗ್ಗೆ ಕಾಡುಹಂದಿಯ ಜಾಡು ಹಿಡಿದು ಮೊಸಳೆಗಳು ಮೈ ಕಾಯಿಸುವ ದಂಡೆಯತ್ತ ನೇರ ನುಗ್ಗಿದ. ಎಲ್ಮೀರ್ ಕೆಸರಿನ ಉಂಡೆ ಮಾಡಿ ಮಾಡಿ ಎಸೆದಳು. ಕೊನೆಗೊಂದು ಅವನ ಪೃಷ್ಠಕ್ಕೆ ಬಡಿದಾಗಲೇ ತಿರುಗಿ, ಆಟವೆಂದುಕೊಂಡು ಬಾಲ ಆಡಿಸಿದ. ಅವಳು ಸೊಂಟದವರೆಗೆ ಕೆಸರು ಮೆತ್ತಿಕೊಂಡೇ ವಿಲ್ಫ್ರೆಡ್ ಸವ್ವಾನ ಅಂಗಡಿಗೆ ಹೋಗಿ, ಬೆನ್ನು ತಿರುಗಿಸಿದ ನಾಯಿಯನ್ನು ದೂರದಿಂದ ಕರೆಯಲು ಏನಾದರೂ ಇದೆಯೇ ಎಂದು ಕೇಳಿದಳು.

ವಿಲ್ಫ್ರೆಡ್ ದನದ ಮೇವನ್ನೂ ಗಾಳದ ಸಾಮಾನನ್ನೂ ಮಾರುತ್ತಿದ್ದ. ನಾಯಿ ಸಾಕಿ ಮರಿಗಳನ್ನೂ ಮಾರುತ್ತಿದ್ದ. "ನಾನು ಆವತ್ತೇ ಹೇಳ್ಲಿಲ್ವಾ, ಅದು ಕೆಲಸಕ್ಕೆ ಬಾರದ ಬೇಲಿಗೂಟ ಅಂತ?" ಎನ್ನುತ್ತಲೇ ರಿಮೋಟ್ ಕೊರಳಪಟ್ಟಿಗಳನ್ನು ಮೇಜಿನ ಮೇಲೆ ಹರಡಿದ. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ದೂರದಲ್ಲಿರುವ ನಾಯಿಯ ಕೊರಳಿಗೆ ಸುದ್ದಿ ಮುಟ್ಟುತ್ತದೆ ಎಂದು ವಿವರಿಸಿದ.

"ಇದು ನೋಡು, ಕರೆಂಟಿನ ಚಿಟುಕು. ಎಂಥ ಮೊಂಡನೂ ದಾರಿಗೆ ಬರ್ತಾನೆ."

"ನಿನ್ನ ಕೊರಳಿಗೆ ಕಟ್ಕೋ, ನೋಡೋಣ."

"ನಾನ್ಯಾಕೆ? ನಾನೇನು ನಾಯಿನಾ?"

ಎಲ್ಮೀರ್ ತನ್ನ ಮಣಿಕಟ್ಟಿಗೇ ಕಟ್ಟಿಕೊಂಡು ಗುಂಡಿ ಒತ್ತಿದಳು. ಅವಳ ಕೂಗಿಗೆ ಅಂಗಡಿಯ ಬೆಕ್ಕು ಮೇವಿನ ಚೀಲಗಳ ಹಿಂದೆ ಮಾಯವಾಯಿತು. ಉಪ್ಪಿನಕಾಯಿ ಹಾಕಿದ ಮೊಟ್ಟೆಗಳ ಜಾಡಿ ಉರುಳಿ, ಮೊಟ್ಟೆಗಳು ಬಾಗಿಲವರೆಗೂ ಓಡಿದವು.

"ಕರೆಯೋಕೆ ಬೇಕು ಅಂದ್ರೆ ಸಾಯಿಸೋಕೆ ಕೊಡ್ತೀಯಲ್ಲೋ! ಎತ್ತಿಡು ಇದನ್ನ."

ಮೊಟ್ಟೆ ಹೆಕ್ಕುತ್ತಲೇ ವಿಲ್ಫ್ರೆಡ್ ಇನ್ನೊಂದನ್ನು ತೋರಿಸಿದ. "ಇದ್ರಲ್ಲಿ ನೋವಿಲ್ಲ. ಬೀಪ್ ಬೀಪ್ ಅಂತ ಎಷ್ಟು ಚೆನ್ನಾಗಿ ಕೂಗತ್ತೆ ಗೊತ್ತಾ!"

ಎಲ್ಮೀರ್ ತನ್ನ ಕಿವಿಯನ್ನು ಬೆರಳಿಂದ ತಟ್ಟಿ ತೋರಿಸಿದಳು. ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹೌದಲ್ಲ... ಕಿವುಡ," ಎಂದು ತಲೆ ಕೆರೆದುಕೊಂಡ.

ಮೂರನೆಯದು ಬರೀ ಅದುರುವಂಥದು. ಕೈಗೆ ಕಟ್ಟಿಕೊಂಡಾಗ ಜೇನುಹುಳ ಮುಷ್ಟಿಯಲ್ಲಿ ಗುಂಯ್‌ಗುಟ್ಟಿದಂತಾಯಿತು. ಎಲ್ಮೀರ್ ತಲೆದೂಗಿ, ಅದನ್ನು ಗಾಳಕ್ಕೆ ಸಿಕ್ಕಿಸುವ ಮರಿಮೀನುಗಳ ತೊಟ್ಟಿಗೆ ಹಾಕಿ ಗುಂಡಿ ಒತ್ತಿದಳು. ಮೀನುಗಳು ಚಿಲ್ಲೆಂದು ನೆಗೆದು ವಿಲ್ಫ್ರೆಡ್‌ನ ಅಂಗಿ ನೆನೆಸಿದವು.

"ನೀರಲ್ಲೂ ನಡೆಯತ್ತೆ. ಇದೇ ಇರ್ಲಿ."

ಎಷ್ಟು ದೂರದವರೆಗೆ ಮುಟ್ಟುತ್ತದೆಂದು ನೋಡುವ ಪಾಲು ಕ್ಲೋವಿಸ್‌ನದಾಯಿತು. ಪಟ್ಟಿಯನ್ನು ತನ್ನ ಕೊರಳಿಗೆ ಕಟ್ಟಿಕೊಂಡು, ಗೊಣಗುತ್ತಾ, ಹುಲ್ಲಿನ ನಡುವೆ ದೂರದೂರ ನಡೆದ. ಅದುರಿದಾಗಲೆಲ್ಲ ಟೋಪಿ ಬೀಸಬೇಕೆಂಬ ಒಪ್ಪಂದ. ಕಚಗುಳಿ ಅವನಿಗೆ ಹುಟ್ಟಿನಿಂದ ಬಂದ ಕಾಯಿಲೆ. ಟೋಪಿ ಬೀಸುವುದರ ಜೊತೆಗೆ ಕುಣಿದ, ಕಿಸಕ್ಕನೆ ನಕ್ಕ. ರಸ್ತೆಯಲ್ಲಿ ಹೋಗುತ್ತಿದ್ದ ಪಾದ್ರಿ ಕಾರು ನಿಲ್ಲಿಸಿ, "ಕ್ಲೋವಿಸ್ ಹುಷಾರಾಗಿದ್ದಾನೇನಮ್ಮಾ?" ಎಂದು ಕೇಳಿದರು. "ಇನ್ನೂ ಪಳಗಿಸ್ತಾ ಇದ್ದೀನಿ ಫಾದರ್," ಎಂದಳು ಎಲ್ಮೀರ್.

ಆಮೇಲೆ ಕೊಟೊನ್‌ನ ಸರದಿ. ಕೊರಳು ಅದುರಿದರೆ ಎಲ್ಮೀರಳತ್ತ ನೋಡಬೇಕು, ನೋಡಿದರೆ ಹುರಿದ ಹಂದಿ ಚರ್ಮದ ಗರಿಗರಿ ತುಂಡು. ಕೆಲವೇ ದಿನಗಳಲ್ಲಿ ಪಟ್ಟಿ ಕೈಗೆತ್ತಿಕೊಂಡರೆ ಸಾಕು, ಅವನೇ ಕೊರಳು ಚಾಚುತ್ತಿದ್ದ.

ಬಿರುಗಾಳಿಯ ಮುನ್ಸೂಚನೆ ಬಂದ ದಿನ ಜೌಗಿನಲ್ಲಿದ್ದ ದನಗಳನ್ನೆಲ್ಲ ಎತ್ತರದ ದಿಬ್ಬಕ್ಕೆ ಹೊಡೆಯಬೇಕಾಯಿತು. ವಿಲ್ಫ್ರೆಡ್ ಟ್ರಕ್ಕಿನಲ್ಲಿ ಕುದುರೆಯನ್ನೂ ತನ್ನ ಹೆಸರುವಾಸಿ ನಾಯಿಗಳನ್ನೂ ಹೇರಿಕೊಂಡು ನೆರವಿಗೆ ಬಂದ. ಅರ್ಧ ದಾರಿಯಲ್ಲಿ ಗುಡುಗು ತಲೆಯ ಮೇಲೇ ಒಡೆಯಿತು. ಹೆಸರುವಾಸಿಗಳು ಬಾಲ ಮಡಚಿ ಓಡಿಹೋಗಿ ಟ್ರಕ್ಕಿನಡಿ ಸೇರಿಕೊಂಡವು. ಬೆದರಿದ ದನಗಳು ಕಾಲುವೆಯತ್ತ ತಿರುಗಿದವು.

ಕೊಟೊನ್‌ಗೆ ಗುಡುಗೂ ಇಲ್ಲ, ಸಿಡಿಲೂ ಇಲ್ಲ. ಮಳೆಯಲ್ಲಿ ಮೂತಿ ನೆಲಕ್ಕಿಟ್ಟು ಓಡುತ್ತಲೇ ಇದ್ದ. ಎಲ್ಮೀರ್ ಗುಂಡಿ ಒತ್ತಿದಳು. ಹುಲ್ಲಿನ ನಡುವಿಂದ ಬಿಳಿ ತಲೆಯೊಂದು ಮೇಲೆದ್ದು ಅವಳನ್ನು ಹುಡುಕಿತು. ಕುದುರೆಯ ಮೇಲೆ ಎದ್ದು ನಿಂತು ಎಡಗೈ ಚಾಚಿದಳು. ಅವನು ಬಾಣದಂತೆ ಸುತ್ತು ಹಾಕಿ ಹಿಂಡಿನ ಮುಂದಿದ್ದ ಹೋರಿಯ ಮೂತಿಗೇ ಎದುರಾಗಿ ನಿಂತು ಬೊಗಳಿದ. ಹೋರಿ ತಬ್ಬಿಬ್ಬಾಗಿ ತಿರುಗಿತು. ಅದರ ಹಿಂದೆ ಹಿಂಡೂ ತಿರುಗಿತು. ಎಲ್ಮೀರಳ ಕೆನ್ನೆಯ ಮೇಲೆ ಮಳೆನೀರಿನ ಜೊತೆ ಕಣ್ಣೀರೂ ಇಳಿಯುತ್ತಿದ್ದರೆ ಅದು ಯಾರಿಗೂ ಕಾಣಲಿಲ್ಲ.

ಕೊನೆಯ ಕರು ದಿಬ್ಬ ಹತ್ತಿದ ಮೇಲೆ ವಿಲ್ಫ್ರೆಡ್ ಅವಳ ಪಕ್ಕಕ್ಕೆ ಕುದುರೆ ತಂದ. ಬಹಳ ಹೊತ್ತು ಕೆಮ್ಮಿದ.

"ಎಲ್ಮೀರ್, ನಾನು ಕಾಲುವೆಗೆ ಹಾಕ್ತೀನಿ ಅಂದಿದ್ದು..."

"ಗಂಟಲು ಕಟ್ಕೊಂಡಿದ್ರೆ ಮನೆಗೆ ಬಾ. ಕ್ಲೋವಿಸ್ ಬಿಸಿ ಸಾರು ಮಾಡಿರ್ತಾನೆ."

ಎಲ್ಮೀರ್ ಮತ್ತು ವಿಲ್ಫ್ರೆಡ್ ಒದ್ದೆ ಬೂಟು ಕಳಚಿದ ಮೇಲೆ ಮೂವರೂ ಅಡುಗೆಮನೆಯಲ್ಲಿ ಕೂತು, ಬೆವರಿಳಿಯುವಷ್ಟು ಖಾರದ ಸಾರನ್ನು ಅನ್ನಕ್ಕೆ ಸುರಿದುಕೊಂಡು ಉಂಡರು. ಹೊರಗೆ ಗಾಳಿ ತಗಡಿನ ಮಾಡನ್ನು ಅಲ್ಲಾಡಿಸುತ್ತಿತ್ತು. ಬಟ್ಟಲಿಡಲು ಎದ್ದ ವಿಲ್ಫ್ರೆಡ್, ದಾರಿಗಡ್ಡ ಕಾಲು ಚಾಚಿ ಮಲಗಿದ್ದ ಕೊಟೊನ್‌ನನ್ನು ಎಬ್ಬಿಸದೆ, ಎಚ್ಚರದಿಂದ ದಾಟಿಹೋದ.